ಜಿನಪ್ಪ ಮಾಸ್ತರರ ಎಡಗೈ

“ಎಡಗೈ ಚಾಚ್ರಿ ಮಾಸ್ತರ,” ಅಂದ ಕಲ್ಲಯ್ಯ.

ಜಿನಪ್ಪ ಮಾಸ್ತರರು ಬಾಯಲ್ಲಿದ್ದ ಸೀಟಿ ತೆಗೆಯದೆಯೇ ಎಡಗೈ ಚಾಚಿದರು. ಹುಡುಗ ಬನಿಯನ್ನಿನ ಕೊರಳೊಳಗೆ ಕೈ ಹಾಕಿ, ಶಿವದಾರವನ್ನು ತಲೆಯ ಮೇಲಿಂದ ಬಿಡಿಸಿಕೊಂಡು, ಬೆಳ್ಳಿಯ ಕರಡಿಗೆಯನ್ನು ಅವರ ಅಂಗೈಯಲ್ಲಿಟ್ಟ. ಒಳಗೆ ಲಿಂಗವಿದ್ದ ಆ ಪುಟ್ಟ ಕರಡಿಗೆ ಅವನ ಮೈಯ ಕಾವಿಗೆ ಬೆಚ್ಚಗಿತ್ತು. ದಾರವನ್ನು ಸುತ್ತಿ ಅದರ ಮೇಲಿಟ್ಟು, ಮಾಸ್ತರರ ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿದ.

“ಕೆಳಗ ಇಡಬ್ಯಾಡ್ರಿ. ಮೊಳಿಗೆ ಹಾಕಬ್ಯಾಡ್ರಿ. ಮತ್ತೊಬ್ಬರ ಕೈಯಾಗೂ ಕೊಡಬ್ಯಾಡ್ರಿ. ನಾ ಬರೂತನಾ ನಿಮ್ಮ ಕೈಯಾಗಽ ಇರ್ಲಿ.”

“ಲೇ ಕಲ್ಲ್ಯಾ, ಇದನ್ನ ತಗೀಬಾರದಲ್ಲೋ?”

“ಏಳು ವರ್ಷದಾಂವ ಇದ್ದಾಗ ಅಪ್ಪಾ ಕಟ್ಟಿದ್ದು. ಒಂದಿನಾ ತಗದಿಲ್ರಿ. ಇವತ್ತಽ ಮೊದಲ.”

ಬನಿಯನ್ನು ಸರಿಪಡಿಸಿಕೊಳ್ಳುವಾಗ ಅವನ ಎದೆ ಕಂಡಿತು. ನಟ್ಟನಡುವೆ, ಕರಡಿಗೆ ಕೂರುವ ಜಾಗದಲ್ಲಿ, ಹೆಪ್ಪುಗಟ್ಟಿದ ರಕ್ತದ ಕಪ್ಪು ಗುರುತು. ಅದರ ಸುತ್ತ ಹಳದಿಗೆ ತಿರುಗಿದ ಹಳೆಯ ಗುರುತುಗಳು. ಮೂರು ವರ್ಷದಿಂದ ತಮಗೆ ತಿಳಿಯದಿದ್ದ ಒಂದು ಸಂಗತಿ ಮಾಸ್ತರರಿಗೆ ಆ ಗಳಿಗೆಯಲ್ಲಿ ತಿಳಿದುಹೋಯಿತು. ಏನಾದರೂ ಹೇಳೋಣವೆಂದರೆ ಹುಡುಗ ಆಗಲೇ ಮೈದಾನದ ನಡುವೆ ಓಡಿದ್ದ.

ಜಿನಪ್ಪನವರು ನಿಜಕ್ಕೆ ಯಾವ ಸಾಲೆಯ ಮಾಸ್ತರರೂ ಅಲ್ಲ. ಬೆಳಗಾವಿಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಬೆಳಗಿನ ಪಾಳಿ ಮುಗಿಸಿ, ನಾಲ್ಕಕ್ಕೆ ಕ್ಯಾಂಪಿನ ಮೈದಾನಕ್ಕೆ ಬಂದು, ತರುಣ ಸ್ಪೋರ್ಟಿಂಗ್ ಕ್ಲಬ್ಬಿನ ಸಣ್ಣ ಟೀಮಿನ ಹುಡುಗರಿಗೆ ಫುಟ್‌ಬಾಲ್ ಕಲಿಸುವುದು ಇಪ್ಪತ್ತು ವರ್ಷದ ಚಟ. ಬಾ ಎಂದು ಅವರನ್ನು ಕರೆದವರಿಲ್ಲ, ಸಾಕು ಎಂದವರೂ ಇಲ್ಲ. ಜೈನರ ಮನೆತನ, ಹೊತ್ತು ಮುಳುಗುವುದರೊಳಗೆ ಉಂಡು ಕೈತೊಳೆಯಬೇಕು, ಆಮೇಲೆ ಹನಿ ನೀರೂ ಇಲ್ಲ. ಹಾಗಾಗಿ ಸೂರ್ಯ ಚರ್ಚಿನ ಗೋಪುರದ ತುದಿಗೆ ಇಳಿದನೆಂದರೆ ಸೀಟಿ ಊದಿ ಸೈಕಲ್ಲು ಹತ್ತಿಬಿಡುವರು. ಚೆಂಡು ಗೋಲಿನ ಬಾಯಲ್ಲಿ ಹೊರಳುತ್ತಿದ್ದರೂ ಅವರಿಗೆ ಅದರ ದರಕಾರವಿಲ್ಲ. “ಮಾಸ್ತರ ಹೊಟ್ಟಿ ಸೀಟಿ ಊದ್ತೋ!” ಎಂದು ಹುಡುಗರು ಹಿಂದಿನಿಂದ ನಗುತ್ತಿದ್ದರು. ಅವರಿಗೂ ಅದು ಕೇಳಿಸುತ್ತಿತ್ತು.

ಕಲ್ಲಯ್ಯ ಅವರ ಕೈಗೆ ಬಂದಾಗ ಹದಿನೈದರ ಹುಡುಗ. ಖಾನಾಪುರದ ಚನ್ನಬಸಯ್ಯನವರ ಮಗ. ಊರಿನ ಮಕ್ಕಳಿಗೆಲ್ಲ ಲಿಂಗ ಕಟ್ಟುವ ಅಯ್ಯನವರ ಮನೆ. ಶಿವಬಸವ ನಗರದ ಒಂದು ಪ್ರಸಾದ ನಿಲಯದಲ್ಲಿ ಉಂಡುಕೊಂಡು ಓದುತ್ತಿದ್ದ. ಅಲ್ಲಿಂದ ಕ್ಯಾಂಪಿಗೆ ದಿನವೂ ಓಡಿಕೊಂಡೇ ಬರುತ್ತಿದ್ದ, ಓಡಿಕೊಂಡೇ ಹೋಗುತ್ತಿದ್ದ. ಬರಿಗಾಲಲ್ಲಿ ಅವನು ಚೆಂಡು ತಡೆದು ನಿಲ್ಲಿಸಿದ್ದನ್ನು ಮೊದಲ ದಿನ ನೋಡಿದಾಗ ಮಾಸ್ತರರು ಸೀಟಿ ಊದುವುದನ್ನೇ ಮರೆತಿದ್ದರು. ಎರಡೂ ಕಾಲು ಒಂದೇ ಸಮ, ಓಟ ಹರಿಣದ್ದು, ತಲೆ ತಣ್ಣಗೆ. ವರ್ಷದೊಳಗೆ ಸಣ್ಣ ಟೀಮಿನ ಸೆಂಟರ್ ಫಾರ್ವರ್ಡ್ ಆದ, ಮರುವರ್ಷ ಎರಡನೆಯ ಟೀಮು. ಉಳಿದದ್ದು ದೊಡ್ಡ ಟೀಮು, ಅದರ ಹಸಿರು ಅಂಗಿ. ಅಲ್ಲಿಗೆ ಬಂದು ನಿಂತುಬಿಟ್ಟ.

ಕಾರಣ ಒಂದೇ. ಚೆಂಡು ಎದೆಯ ಮಟ್ಟಕ್ಕೆ ಬಂದರೆ ಹುಡುಗ ಭುಜ ತಿರುವುತ್ತಿದ್ದ. ಎದೆಯಿಂದ ಇಳಿಸಿಕೊಳ್ಳಬೇಕಾದ ಚೆಂಡು ತೋಳಿಗೆ ಬಡಿಯುತ್ತಿತ್ತು, ಕೈ ತಗುಲಿತೆಂದು ರೆಫರಿ ಸೀಟಿ ಊದುತ್ತಿದ್ದ. ಮಾಸ್ತರರು ತಿದ್ದಿದರು, ಬೈದರು, ಹತ್ತಿರ ನಿಂತು ಎದೆಗೇ ಗುರಿಯಿಟ್ಟು ನೂರು ಸಲ ಚೆಂಡು ಒದ್ದರು. ನೂರು ಸಲವೂ ಅವನು ಹಲ್ಲು ಕಚ್ಚಿ ನಿಂತ. ಆಟದಲ್ಲಿ ಮತ್ತೆ ಅದೇ ಭುಜ. ಹೋದ ಸೋಮವಾರವಂತೂ ಎಲ್ಲರ ಮುಂದೆ, “ಎದಿ ಕೊಡಾಕ ಅಂಜಿಕಿದ್ರ ಮನಿಗೆ ಹೋಗಿ ಬಳಿ ಇಟ್ಕೋ ಹೋಗಲೇ,” ಅಂದುಬಿಟ್ಟಿದ್ದರು. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದ. ಈಗ ಅಂಗೈಯಲ್ಲಿದ್ದುದನ್ನು ಒತ್ತಿ ಹಿಡಿದು ಆ ಮಾತು ನೆನೆದರೆ ಮಾಸ್ತರರಿಗೆ ತಮ್ಮ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು. ಲೋಹದ ಕರಡಿಗೆಯ ಮೇಲೆ ತೊಗಲಿನ ಚೆಂಡು, ಅದೂ ನೂರು ಸಲ!

ದೊಡ್ಡ ಟೀಮಿನ ಮ್ಯಾನೇಜರು ಬಾಳಪ್ಪ ಇವತ್ತು ಖಡಾಖಂಡಿತ ಹೇಳಿದ್ದ. ಮಡಗಾಂವದ ಪಂದ್ಯಾವಳಿಗೆ ಸಂಜೆಯ ಗಾಡಿಗೆ ಹೊರಡುವುದು. ಸೆಂಟರ್ ಫಾರ್ವರ್ಡ್ ಟೈಫಾಯಿಡ್ ಹಿಡಿದು ಮಲಗಿದ್ದಾನೆ. ಒಂದು ಜಾಗ ಖಾಲಿ ಇದೆ. “ಮಿಲ್ಟ್ರಿಯವ್ರ ಜೋಡಿ ಇವತ್ತಿನ ಆಟದಾಗ ನಿಮ್ಮ ಹುಡುಗನ್ನ ಇಳಸ್ತೇನಿ ಮಾಸ್ತರ. ಗಂಟು ಕಟ್ಕೊಂಡಽ ಬರ್ಲಿ. ಆದ್ರ ಎದಿ ಕೊಡದಿದ್ದಾಂವನ್ನ ಗೋವಾಕ್ಕ ಒಯ್ದು ಏನ್ ಮಾಡ್ಲಿ? ಇವತ್ತೂ ಭುಜಾ ತಿರುವಿದಾ ಅಂದ್ರ ಅಂವಂದು ಮುಗೀತು ನೋಡ್ರಿ.”

ಹುಡುಗನಿಗಿಂತ ಮಾಸ್ತರರಿಗೇ ಆ ಜಾಗದ ಆಸೆ ಹೆಚ್ಚಿತ್ತು ಎಂದರೆ ಸುಳ್ಳಲ್ಲ. ಸಾವಿರದ ಒಂಬೈನೂರಾ ನಲವತ್ತೊಂಬತ್ತರಲ್ಲಿ, ಇಪ್ಪತ್ತರ ಜಿನಪ್ಪನಿಗೂ ಇದೇ ಹಸಿರು ಅಂಗಿ ಸಿಕ್ಕಿತ್ತು. ಪುಣೆಯ ಪಂದ್ಯಾವಳಿ, ಸಂಜೆಯ ಗಾಡಿ. ಅಂಗಿಯನ್ನು ಒಂದು ರಾತ್ರಿ ತಲೆಯ ಬುಡದಲ್ಲಿಟ್ಟುಕೊಂಡು ಮಲಗಿ, ಬೆಳಗಾಗೆದ್ದು ತಿರುಗಿ ಕೊಟ್ಟು ಬಂದಿದ್ದ. “ಅವ್ವಾ ಬ್ಯಾಡ ಅಂದ್ಲು. ಗಾಡ್ಯಾಗ ಹೊತ್ತು ಮುಳುಗಿದ ಮ್ಯಾಲ ಊಟಾ, ನಮಗ ಹೊಂದಂಗಿಲ್ಲಂತ,” ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದರು. ಮತ್ತೊಮ್ಮೆ ಯಾರೂ ಕರೆಯಲಿಲ್ಲ. ಆಮೇಲೆ ಪ್ರತಿ ವರ್ಷ ದೊಡ್ಡ ಟೀಮು ಊರು ಬಿಡುವಾಗ ಸ್ಟೇಶನ್ನಿಗೆ ಹೋಗಿ ಕೈಬೀಸಿ ಬರುವುದೊಂದೇ ಅವರ ಪಾಲಿಗೆ ಉಳಿದದ್ದು.

ಆಟ ಶುರುವಾಯಿತು. ಡಿಸೆಂಬರಿನ ಬಿಸಿಲು ಮೈದಾನದ ಕೆಂಪು ಮಣ್ಣಿನ ಮೇಲೆ ಓರೆಯಾಗಿ ಬಿದ್ದಿತ್ತು. ಮಾಸ್ತರರು ಗೆರೆಯ ಬಳಿ ನಿಂತಿದ್ದರು. ಎಡಗೈ ಎದೆಯ ಹತ್ತಿರ, ಮುಷ್ಟಿ ಬಿಗಿದು. ಕೂರೋಣವೆಂದರೆ ಕೈ ನೆಲಕ್ಕೆ ತಾಗೀತು ಎಂಬ ಅಂಜಿಕೆ, ನಿಂತೇ ಇದ್ದರು. ಮೊದಲ ಅರ್ಧದಲ್ಲಿ ಒಂದು ಚೆಂಡು ಎತ್ತರಕ್ಕೆ ಬಂತು. ಕಲ್ಲಯ್ಯ ರೂಢಿಬಲದಿಂದ ಭುಜ ತಿರುವಿಯೇಬಿಟ್ಟ. ಸೀಟಿ ಊದಿತು. ಬಾಳಪ್ಪ ಇತ್ತ ತಿರುಗಿ ನೋಡಿ ಮೂಗು ಮುರಿದ. ಹುಡುಗ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡು, ಅಲ್ಲಿ ಏನೂ ಇಲ್ಲವೆಂದು ಆಗ ಗೊತ್ತಾದವನಂತೆ, ದೂರದಿಂದ ಮಾಸ್ತರರ ಮುಷ್ಟಿಯನ್ನು ನೋಡಿದ. ಮಾಸ್ತರರು ಅದನ್ನು ಇನ್ನಷ್ಟು ಮೇಲೆತ್ತಿ ತೋರಿಸಿದರು.

ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಹಿಂದಿನಿಂದ ಉದ್ದನೆಯ ಚೆಂಡು ಬಂತು. ಇಬ್ಬರು ಸಿಪಾಯಿಗಳ ನಡುವೆ ಕಲ್ಲಯ್ಯ ಗಕ್ಕನೆ ನಿಂತ. ಎರಡೂ ತೋಳು ಹಿಂದಕ್ಕೆ ಬಿಟ್ಟು ಎದೆ ಚಾಚಿದ. ಚೆಂಡು ಎದೆಗೆ ಬಡಿದು ಮೆತ್ತಗೆ ಕಾಲ ಬಳಿ ಇಳಿಯಿತು. ಇಳಿದದ್ದು ನೆಲ ಮುಟ್ಟುವುದರೊಳಗೆ ಬಲೆಯಲ್ಲಿತ್ತು. ಸುತ್ತಲಿನ ಮಂದಿ ಹೋ ಎಂದು ಚಪ್ಪಾಳೆ ತಟ್ಟಿದರು. ಮಾಸ್ತರರಿಗೆ ಚಪ್ಪಾಳೆ ತಟ್ಟುವ ಹಾಗಿರಲಿಲ್ಲ. ಬಲಗೈಯಿಂದ ತೊಡೆ ಬಡಿದುಕೊಂಡು ಚಿಕ್ಕ ಮಕ್ಕಳಂತೆ ಕುಣಿದರು. ಕಣ್ಣಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲೂ ಇಲ್ಲ.

ಆಟ ಮುಗಿದದ್ದೇ ಗದ್ದಲ. ಬಾಳಪ್ಪ ಹಸಿರು ಅಂಗಿಯನ್ನು ಹುಡುಗನ ಮೇಲೆ ಎಸೆದ. ದೊಡ್ಡ ಟೀಮಿನವರು ಅವನನ್ನು ಎತ್ತಿಕೊಂಡೇ ಟೆಂಪೋಕ್ಕೆ ಹಾಕಿದರು. ಗಾಡಿಗೆ ಹೊತ್ತಾಗಿತ್ತು. ಮಂದಿಯ ತಲೆಗಳ ಮೇಲಿಂದ ಕಲ್ಲಯ್ಯ ಕೈಬೀಸಿದ, ಮಾಸ್ತರರು ಬಲಗೈ ಎತ್ತಿ ಬೀಸಿದರು. ಟೆಂಪೋ ಧೂಳೆಬ್ಬಿಸಿ ಹೋಯಿತು. ಸೂರ್ಯ ಚರ್ಚಿನ ಗೋಪುರಕ್ಕೆ ಇಳಿದಿದ್ದ. ರೂಢಿಯಂತೆ ಸೀಟಿ ಊದಲು ಕೈ ಬಾಯಿಗೆ ಒಯ್ದಾಗ ಅದು ಎಡಗೈ. ಮುಷ್ಟಿಯೊಳಗಿಂದ ದಾರದ ತುದಿ ಹೊರಗೆ ಇಣುಕುತ್ತಿತ್ತು.

ಖುಷಿಯಲ್ಲಿ ಹುಡುಗ ಮರೆತ. ಸುಳ್ಳೇಕೆ ಹೇಳಬೇಕು, ಮಾಸ್ತರರೂ ಮರೆತಿದ್ದರು.

ಐವತ್ತರ ಹತ್ತಿರದ ಮನುಷ್ಯ ಒಂದೇ ಕೈಯಲ್ಲಿ ಹ್ಯಾಂಡಲ್ಲು ಹಿಡಿದು, ಇನ್ನೊಂದು ಕೈಯನ್ನು ಎದೆಗೊತ್ತಿಕೊಂಡು ಸೈಕಲ್ಲು ತುಳಿಯುವುದನ್ನು ಅಂದು ಕ್ಯಾಂಪಿನಿಂದ ಸ್ಟೇಶನ್ನಿನವರೆಗೆ ಎಲ್ಲರೂ ನಿಂತು ನೋಡಿದರು. ದಾರಿಯಲ್ಲೇ ಅವರ ಗಲ್ಲಿ. ಗಲ್ಲಿಯ ಬಾಯಲ್ಲಿ ಹೆಂಡತಿ ಸುಂದರಾಬಾಯಿ ಹಣೆಗೆ ಕೈ ಅಡ್ಡ ಹಿಡಿದು ಬಿಸಿಲು ನೋಡುತ್ತ ನಿಂತಿದ್ದಳು.

“ಎಲ್ಲಿಗ್ರಿ? ಹೊತ್ತು ಮುಳುಗಾಕತ್ತೈತಿ, ತಾಟು ಹಚ್ಚೇನಿ!”

“ನೀ ಉಣ್ಣು!” ಎಂದು ಕೂಗಿ ಅವರು ಮುಂದೆ ಹೋದರು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಆ ಹೊತ್ತಿಗೆ ಅವರು ಮನೆ ದಾಟಿ ಹೋದದ್ದು ಅದೇ ಮೊದಲು.

ಪ್ಲಾಟ್‌ಫಾರ್ಮಿಗೆ ಬರುವುದಕ್ಕೂ ಗಾರ್ಡು ಹಸಿರು ಬಾವುಟ ಬೀಸುವುದಕ್ಕೂ ಸರಿಹೋಯಿತು. ಗಾಡಿ ಅಲುಗಿತು. ನಾಲ್ಕನೆಯ ಡಬ್ಬಿಯ ಬಾಗಿಲಲ್ಲಿ ಹಸಿರು ಅಂಗಿ ತೊಟ್ಟು ಕಲ್ಲಯ್ಯ ನಗುತ್ತ ನಿಂತಿದ್ದ. ಅಂಗಿ ಒಂದಿಷ್ಟು ದೊಗಲೆಯಾಗಿತ್ತು, ಆದರೂ ಚೆಂದ ಕಾಣುತ್ತಿತ್ತು. ಓಡಿ ಬರುತ್ತಿದ್ದ ಮಾಸ್ತರರನ್ನು ನೋಡಿದ. ಎತ್ತಿದ ಮುಷ್ಟಿಯನ್ನು ನೋಡಿದ. ಅವನ ಕೈ ತಾನಾಗಿ ಎದೆಗೆ ಹೋಯಿತು. ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಬಂತು.

ಮಾಸ್ತರರಿಗೆ ತಿಳಿಯಿತು, ಇವನು ಧುಮುಕುತ್ತಾನೆ. ಧುಮುಕಿದರೆ ಅಂಗಿ ಬಾಳಪ್ಪನಿಗೆ ಮರಳುತ್ತದೆ, ಅಲ್ಲಿಗೆ ಮುಗಿಯಿತು. ಈ ಪ್ಲಾಟ್‌ಫಾರ್ಮಿನಿಂದ ಮನೆಗೆ ತಿರುಗಿ ನಡೆಯುವ ದಾರಿ ಎಷ್ಟು ಉದ್ದವೆಂಬುದು ಅವರಿಗೆ ಗೊತ್ತಿದ್ದಷ್ಟು ಊರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಸೆಯೋಣವೆಂದರೆ ಎಸೆಯುವ ವಸ್ತುವಲ್ಲ, ಕೊಡೋಣವೆಂದರೆ ಕೈ ಎಟುಕದು.

“ಇಳೀಬ್ಯಾಡ!” ಎಂದು ಚೀರಿದರು. “ಇಳೀಬ್ಯಾಡಲೇ! ನಾ ಹಿಡದೇನಿ!”

“ಮಾಸ್ತರ, ಅಪ್ಪಗ...”

“ನಾ ಹೇಳ್ತೇನಿ! ಕೆಳಗ ಇಡಂಗಿಲ್ಲ, ಯಾರ ಕೈಯಾಗೂ ಕೊಡಂಗಿಲ್ಲ! ಕಟ್ಟಿದವ್ರ ಕೈಯಾಗಽ ಕೊಡ್ತೇನಿ! ಹೋಗು ನೀ, ಹೋಗು!”

ಪ್ಲಾಟ್‌ಫಾರ್ಮು ಮುಗಿಯುವತನಕ ಓಡಿದರು. ಬಾಗಿಲಲ್ಲಿದ್ದ ಹುಡುಗ ಎರಡೂ ಕೈ ಜೋಡಿಸಿದ್ದು ಕಂಡಿತು. ಆಮೇಲೆ ಹೊಗೆ, ಹೊಗೆಯ ಹಿಂದೆ ಕೆಂಪಾದ ಆಕಾಶ. ಹೊತ್ತು ಮುಳುಗಿತ್ತು.

ಮನೆಗೆ ಬಂದಾಗ ಸುಂದರಾಬಾಯಿಯೂ ಉಂಡಿರಲಿಲ್ಲ. ಸಂಗತಿ ಕೇಳಿ, “ದೇವರ ಮಾಡದಾಗ ಇಡ್ರಿ, ನಮ್ಮದೂ ದೇವರ ಮನೀನಽ ಅಲ್ಲೇನು?” ಅಂದಳು. “ಮಾತು ಕೊಟ್ಟೇನಿ,” ಅಂದರು ಅವರು. ಆಕೆ ತನ್ನ ಹಳೆಯ ಪತ್ತಲದ ಸೆರಗು ಹರಿದು, ನಿದ್ದೆಯಲ್ಲಿ ಕೈ ಸಡಿಲಾಗಬಾರದೆಂದು, ಅವರ ಮುಷ್ಟಿಯನ್ನು ಮೆತ್ತಗೆ ಸುತ್ತಿ ಕಟ್ಟಿದಳು. ಮಾಸ್ತರರು ಗೋಡೆಗೊರಗಿ ಕುಳಿತೇ ಬೆಳಗು ಮಾಡಿದರು.

ಮೊದಲ ಬಸ್ಸಿಗೆ ಖಾನಾಪುರದಲ್ಲಿ ಇಳಿದರು. ಮಲಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿ ಅಯ್ಯನವರ ಮನೆ. ಚನ್ನಬಸಯ್ಯನವರು ಆಗಷ್ಟೇ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ತೆಳ್ಳಗೆ ಎತ್ತರದ ಆಳು. ಮಗನ ಮೂಗು, ಮಗನ ಹುಬ್ಬು.

“ಬರ್ರಿ ಮಾಸ್ತರ, ಕುಂದರ್ರಿ. ಕೈಗೆ ಏನಾತ್ರಿ? ಹುಡುಗಾ ಆರಾಮ ಅದಾನಲ್ರಿ?”

ಬಸ್ಸಿನಲ್ಲಿ ಮಾಸ್ತರರು ಮಾತುಗಳನ್ನೆಲ್ಲ ಸಾಲಾಗಿ ಹೊಂದಿಸಿಕೊಂಡಿದ್ದರು. ಒಂದೂ ನೆನಪಿಗೆ ಬರಲಿಲ್ಲ. “ತಪ್ಪು ನಂದ್ರಿ ಅಯ್ಯಾವ್ರ,” ಎಂದು ಶುರುಮಾಡಿ, ಭುಜ, ಎದೆ, ಕಪ್ಪು ಗುರುತು, ತಾವು ಆಡಿದ ಮಾತು, ಟೆಂಪೋ, ಗಾಡಿ, ಎಲ್ಲವನ್ನೂ ಹಿಂದು ಮುಂದಾಗಿ ಹೇಳಿದರು. ಕಲ್ಲಯ್ಯನ ತಾಯಿ ಶಿವಲಿಂಗವ್ವ ಒಳಬಾಗಿಲಿಗೆ ಬಂದು ಬಾಯಿಗೆ ಸೆರಗು ಹಿಡಿದು ನಿಂತಳು.

ಚನ್ನಬಸಯ್ಯನವರು ಎದುರಿಗೆ ಬಂದು ಕೂತು, ಮಾಸ್ತರರ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಪತ್ತಲದ ಪಟ್ಟಿ ಬಿಚ್ಚಿದರು. ಮುಷ್ಟಿ ತೆರೆಯಲಿಲ್ಲ. ಬೆರಳು ಸೆಟೆದು ಒಂದಕ್ಕೊಂದು ಅಂಟಿದಂತಿದ್ದವು. ಮಾಸ್ತರರಿಗೆ ತಮ್ಮ ಕೈಯೇ ತಮ್ಮ ಮಾತು ಕೇಳದಾಯಿತು. ಅಯ್ಯನವರು ಒಂದೊಂದೇ ಬೆರಳನ್ನು ತಿಕ್ಕಿ, ಕಾವು ಕೊಟ್ಟು ಬಿಡಿಸಿದರು. ಕರಡಿಗೆಯನ್ನು ತಮ್ಮ ಎಡ ಅಂಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

“ನೆಲಕ್ಕ ಇಟ್ಟಿಲ್ಲಲ್ರಿ?”

“ಇಲ್ರಿ.”

“ರಾತ್ರಿ ಊಟಾ?”

“ಹೊತ್ತು ಮುಳುಗಿತ್ರಿ.”

ಅಯ್ಯನವರು ಶಿವದಾರದ ಸಿಕ್ಕು ಬಿಡಿಸತೊಡಗಿದರು. ಮಾತಾಡಿದಾಗ ದನಿ ಒಡೆದಿತ್ತು.

“ಗರಡಿಗೆ ಹೋಗೂ ಹುಡುಗ್ರಿಗೆ ನಾನಽ ತೋಳಿಗೆ ಕಟ್ಟಿಕೊಡ್ತೇನ್ರಿ. ಕರಡಿಗಿ ತಗದು, ಅರಿವ್ಯಾಗ ಸುತ್ತಿ, ರಟ್ಟಿಗೆ ಬಿಗಿಯಾಗಿ. ಎಷ್ಟು ಹೊಳ್ಳಾಡಿದ್ರೂ ಜಗ್ಗಂಗಿಲ್ಲ. ಈ ಊರಾಗ ಹತ್ತ ಮಂದಿಗೆ ಕಟ್ಟೇನಿ. ಮೈಮ್ಯಾಲ ಇದ್ರ ಆತು, ಎದಿ ಮ್ಯಾಲಽ ಇರಬೇಕಂತ ಯಾರ ಹೇಳ್ಯಾರ್ರಿ? ಮೂರು ವರ್ಷ ಎದಿ ಜಜ್ಜಿಸ್ಕೊಂಡ್ನಂತ... ನನ್ನನ್ನ ಒಂದ ಮಾತು ಕೇಳಬಾರದಿತ್ತೇನ್ರಿ ಅಂವಾ? ಅಪ್ಪಾ ಬ್ಯಾಡ ಅಂತಾನಂತ ತಾನಽ ತಿಳ್ಕೊಂಡಬಿಟ್ಟಾ. ಕೇಳಿದ್ರ ನಾ ಯಾಕ ಬ್ಯಾಡ ಅಂತಿದ್ದೆ?”

ಮಾಸ್ತರರಿಗೆ ತಲೆ ಎತ್ತಲಾಗಲಿಲ್ಲ. ಅವ್ವಾ ಬ್ಯಾಡ ಅಂದ್ಲು ಎಂದು ಇಪ್ಪತ್ತೊಂಬತ್ತು ವರ್ಷ ಹೇಳಿ ಹೇಳಿ ಅದೇ ಖರೆಯಾಗಿಬಿಟ್ಟಿತ್ತು. ಅವ್ವ ಬೇಡ ಎಂದಿರಲಿಲ್ಲ. ಟೀಮಿಗೆ ಆರಿಸಿದ್ದಾರೆ ಎಂದಾಗ ಆಕೆ ಸುಮ್ಮನೆ ಒಲೆಯ ಮುಂದೆ ಕುಳಿತಿದ್ದಳು, ಅಷ್ಟೇ. ಹೋಗಲೇನು ಎಂದು ಅವರು ಕೇಳಿಯೇ ಇರಲಿಲ್ಲ. ಬೆಳಿಗ್ಗೆ ಅಂಗಿ ಕೊಟ್ಟು ಮನೆಗೆ ಬಂದಾಗ ಗೋಡೆಯ ಮಾಡದಲ್ಲಿ ಬಿಳಿಯ ಅರಿವೆಯ ಗಂಟೊಂದಿತ್ತು. ಹಾಲಿನಲ್ಲಿ ನಾದಿ ಮಾಡಿದ ದಶಮಿ ರೊಟ್ಟಿ. ದಾರಿಗೆಂದು ಕಟ್ಟುವಂಥದ್ದು, ಮನೆಯಲ್ಲಿ ಕುಳಿತು ಉಣ್ಣುವುದಕ್ಕೆ ಯಾರೂ ಮಾಡುವುದಿಲ್ಲ. ಯಾರಿಗೆ ಇದು ಎಂದು ಅವರು ಕೇಳಲಿಲ್ಲ, ಯಾಕೆ ಹೋಗಲಿಲ್ಲ ಎಂದು ಅವ್ವನೂ ಕೇಳಲಿಲ್ಲ. ಎರಡು ದಿನ ಇಬ್ಬರೂ ಅದನ್ನೇ ಮುರಿದುಕೊಂಡು ತಿಂದಿದ್ದರು.

“ಉಪ್ಪಿಟ್ಟು ಮಾಡೇನ್ರಿ,” ಎಂದು ಶಿವಲಿಂಗವ್ವ ತಾಟು ತಂದಿಟ್ಟಳು. “ಉಳ್ಳಾಗಡ್ಡಿ ಹಾಕಿಲ್ರಿ, ತಗೋರಿ.” ಮಾಸ್ತರರು ಬಲಗೈಯಿಂದ ತುತ್ತೆತ್ತಿದರು.

ಅಯ್ಯನವರು ಒಳಗೆ ಹೋಗಿ ಮಡಿಯ ಬಿಳಿ ಅರಿವೆ ತಂದು, ಹಲ್ಲಲ್ಲಿ ಅಂಚು ಕಚ್ಚಿ, ಉದ್ದಕ್ಕೆ ಒಂದು ಪಟ್ಟಿ ಹರಿದರು. ಅದನ್ನು ತಮ್ಮದೇ ರಟ್ಟೆಗೆ ಸುತ್ತಿ ಅಳತೆ ನೋಡಿದರು. ಸಾಲದೆನಿಸಿರಬೇಕು, ಇನ್ನೊಂದು ಗೇಣು ಬಿಟ್ಟು ಹರಿದರು.

“ಹುಡುಗಾ ಎಂದ ಬರ್ತಾನ್ರಿ?”

“ಬುಧವಾರ ಮುಂಜಾನಿ ಗಾಡಿಗ್ರಿ. ಖಾನಾಪುರದಾಗ ನಿಲ್ಲತೈತಿ.”

“ಸ್ಟೇಶನ್ನಿಗೆ ನಾನಽ ಹೋಗ್ತೇನಿ,” ಅಂದರು ಅಯ್ಯನವರು. “ಅಲ್ಲೇ ಕಟ್ಟಿ ಕಳಸ್ತೇನಿ.”

ಮಧ್ಯಾಹ್ನದ ಬಸ್ಸಿನಲ್ಲಿ ಮಾಸ್ತರರಿಗೆ ಕಿಡಕಿಯ ಬದಿ ಜಾಗ ಸಿಕ್ಕಿತು. ಹೊರಗೆ ಕೊಯ್ದ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಕಂಡಕ್ಟರು ಬಂದು ಟಿಕೀಟು ಹರಿದು ಕೊಟ್ಟ. ಅವರು ಬಲಗೈಯಿಂದಲೇ ತೆಗೆದುಕೊಂಡು, ಬಲಗೈಯಿಂದಲೇ ಪ್ರಯಾಸಪಟ್ಟು ಜೇಬಿಗೆ ಸೇರಿಸಿದರು. ಎಡಗೈ ತೊಡೆಯ ಮೇಲೆ ಮಡಚಿಕೊಂಡೇ ಇತ್ತು.

“ಕೈಯಾಗ ಏನೈತ್ರಿ ಯಜಮಾನ್ರ, ಅಷ್ಟ ಜ್ವಾಕಿ ಮಾಡೀರಿ?” ಎಂದು ಕಂಡಕ್ಟರು ನಕ್ಕ.

“ಏನಿಲ್ಲಪಾ,” ಅಂದರು ಜಿನಪ್ಪ ಮಾಸ್ತರರು. ಆದರೆ ಬಿಚ್ಚಿ ತೋರಿಸಲಿಲ್ಲ.